ಬೇಳೆಗೆ ಹೆಸರು ಬೇಡ, ಸಾರಿನ ಪುಡಿಗೆ ಬೇಕು: ಸೂಪರ್‌ಮಾರ್ಕೆಟ್‌ಗಳ ಸ್ವಂತ ಲೇಬಲ್ ಎಷ್ಟು ನಂಬಬಹುದು?

ಸೂಪರ್‌ಮಾರ್ಕೆಟ್‌ನ ಸ್ವಂತ ಹೆಸರಿನ ಪ್ಯಾಕೆಟ್ ಎತ್ತಿಕೊಂಡರೆ ಮೊದಲು ಕಣ್ಣಿಗೆ ಹೊಡೆಯುವುದು ಎಂಆರ್‌ಪಿಗೂ ಅಂಗಡಿ ದರಕ್ಕೂ ಇರುವ ಅಂತರ. ಕೆಲವೊಮ್ಮೆ ಅರ್ಧಕ್ಕರ್ಧ. ಆ ಅಂತರವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹೆಸರಾಂತ ಕಂಪನಿಯ ಸಾಮಾನು ಬೀದಿ ಕೊನೆಯ ದಿನಸಿ ಅಂಗಡಿಯಲ್ಲೂ ಸಿಗುತ್ತದೆ, ಅಲ್ಲಿ ಅದು ಎಂಆರ್‌ಪಿಯ ಆಸುಪಾಸಿನಲ್ಲೇ ಮಾರಾಟವಾಗುತ್ತದೆ. ಹಾಗಾಗಿ ಅದರ ಎಂಆರ್‌ಪಿಗೆ ಒಂದು ಅರ್ಥವಿದೆ. ಸ್ವಂತ ಲೇಬಲ್ ಸಿಗುವುದು ಆ ಒಂದು ಸರಪಳಿ ಅಂಗಡಿಯಲ್ಲಿ ಮಾತ್ರ. ಬೆಲೆ ಬರೆಯುವವರೂ ಅವರೇ, ಅದನ್ನು ಕತ್ತರಿಸುವವರೂ ಅವರೇ.

ಡಿಮಾರ್ಟ್‌ನ ಪ್ರೀಮಿಯಾ, ರಿಲಯನ್ಸ್‌ನ ಗುಡ್ ಲೈಫ್, ಬಿಗ್‌ಬಾಸ್ಕೆಟ್‌ನ ಬಿಬಿ ರಾಯಲ್ ಮತ್ತು ಬಿಬಿ ಪಾಪ್ಯುಲರ್ ಎಲ್ಲವೂ ಈ ಜಾತಿಯವೇ. ಇವು ಅಗ್ಗವಾಗಿರುವುದು ತೆರಿಗೆಯಿಂದ ಎಂದು ಕೆಲವರು ತಿಳಿದಿದ್ದಾರೆ. ಒಂದು ಕಾಲಕ್ಕೆ ನೋಂದಾಯಿತ ಬ್ರ್ಯಾಂಡಿನ ಅಕ್ಕಿ, ಬೇಳೆ, ಹಿಟ್ಟಿಗೆ ಮಾತ್ರ ಜಿಎಸ್‌ಟಿ ಇತ್ತು, ನಿಜ. 2022ರ ಜುಲೈ 18ರಿಂದ ಆ ಭೇದ ಹೋಯಿತು. 25 ಕೆ.ಜಿ.ವರೆಗಿನ ಪ್ಯಾಕೆಟ್ ಯಾರದ್ದೇ ಆಗಿರಲಿ, ಶೇ 5. ಉಳಿತಾಯ ಬರುವುದು ಜಾಹೀರಾತು ಇಲ್ಲದ್ದರಿಂದ, ನಡುವಿನ ವಿತರಕರ ಕಮಿಷನ್ ಇಲ್ಲದ್ದರಿಂದ. ಹಾಗಾದರೆ ಕೇಳಬೇಕಾದ್ದು ಇಷ್ಟೇ: ಈ ಪದಾರ್ಥದಲ್ಲಿ ಕಂಪನಿ ಮಾಡಿದ ಕೆಲಸ ಏನಾದರೂ ಇದೆಯೇ, ಅಥವಾ ಬರೀ ತುಂಬಿ ಸೀಲ್ ಮಾಡಿದ್ದಾರೆಯೇ?

ಸಕ್ಕರೆಯಲ್ಲಿ ಏನೂ ಇಲ್ಲ. ಕಾರ್ಖಾನೆಯಿಂದ ಹೊರಡುವಾಗಲೇ ಅದು ಎಸ್-30 ಅಥವಾ ಎಂ-30 ಎಂದು ಹರಳಿನ ಗಾತ್ರ ಮತ್ತು ಬಣ್ಣದ ಮೇಲೆ ಗ್ರೇಡ್ ಆಗಿರುತ್ತದೆ. ಎಸ್ ಸಣ್ಣದು, ಎಂ ಸ್ವಲ್ಪ ದಪ್ಪ. ಅದೇ ಮೂಟೆ ಬಿಚ್ಚಿ ಒಂದು ಕೆ.ಜಿ. ಪ್ಯಾಕೆಟ್ ಮಾಡುತ್ತಾರೆ. ಅಯೋಡಿನ್ ಉಪ್ಪಿನದ್ದೂ ಹೆಚ್ಚುಕಡಿಮೆ ಅದೇ ಕಥೆ. ಎರಡನ್ನೂ ಕಣ್ಣು ಮುಚ್ಚಿ ಸ್ವಂತ ಲೇಬಲ್‌ನಲ್ಲಿ ತನ್ನಿ.

ತೊಗರಿಬೇಳೆಯನ್ನೂ ತರಬಹುದು, ಆದರೆ ಕಣ್ಣು ತೆರೆದುಕೊಂಡು. ಒಂದೇ ಅಂಗಡಿಯಲ್ಲಿ ಎರಡು ದರ್ಜೆ ಇರುವುದುಂಟು. ಕೆಳದರ್ಜೆಯಲ್ಲಿ ನುಚ್ಚು ಮತ್ತು ಸಿಪ್ಪೆ ಉಳಿದ ಕಾಳು ಜಾಸ್ತಿ. ಮೊದಲ ಸಲ ಅರ್ಧ ಕೆ.ಜಿ. ಮಾತ್ರ ತಂದು ಒಂದು ಹಿಡಿ ತಟ್ಟೆಗೆ ಹರಡಿ ನೋಡಿ. ಒಡೆದ ಚೂರು ಕಾಲು ಭಾಗ ದಾಟಿದರೆ ಅಗ್ಗ ಅನ್ನುವುದು ಬರೀ ಮಾತು, ತೊಳೆಯುವಾಗಲೇ ಒಂದಷ್ಟು ನೀರಿನ ಜೊತೆ ಹೋಗುತ್ತದೆ. ಆಮೇಲೆ ಅರ್ಧ ಗಂಟೆ ನೆನೆಸಿ, ಮೂರು ಪಟ್ಟು ನೀರಿಟ್ಟು, ಮೂರು ವಿಷಲ್ ಕೂಗಿಸಿ. ಸೌಟಿನ ಹಿಂಬದಿಯಿಂದ ಒತ್ತಿದಾಗ ಕರಗಬೇಕು. ಕರಗದಿದ್ದರೆ ತಕ್ಷಣ ಲೇಬಲ್‌ಗೆ ಬೈಯುವ ಮುಂಚೆ ನೀರು ಬದಲಿಸಿ ಇನ್ನೊಮ್ಮೆ ಬೇಯಿಸಿ. ಬೋರ್‌ವೆಲ್‌ನ ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಮೆದುವಾಗಲು ಬಿಡುವುದಿಲ್ಲ. ಕುಡಿಯುವ ಫಿಲ್ಟರ್ ನೀರಲ್ಲೂ ಬೇಯದಿದ್ದರೆ ಅದು ಹಳೇ ಬೇಳೆ. ಹುಣಸೆರಸ ಹಾಕಿ ಬೇಯಿಸಿದ್ದರಂತೂ ಪರೀಕ್ಷೆಯೇ ಅಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿದೆ. ಆ ರುಚಿಯೇ ಬೇಕು ಅನ್ನುವವರು ಪ್ಯಾಕೆಟ್ ಮೇಲೆ ಊರಿನ ಹೆಸರು ಇದೆಯೇ ನೋಡಿಕೊಳ್ಳಲಿ, ಸಾಮಾನ್ಯ ಸ್ವಂತ ಲೇಬಲ್‌ನಲ್ಲಿ ಅದನ್ನು ನಿರೀಕ್ಷಿಸುವುದು ಬೇಡ.

ಅಕ್ಕಿಯ ವಿಷಯದಲ್ಲಿ ಸೂಪರ್‌ಮಾರ್ಕೆಟ್‌ಗೆ ನಿಜವಾದ ಪೈಪೋಟಿ ಬ್ರ್ಯಾಂಡಿನದ್ದಲ್ಲ, ಅಕ್ಕಿ ಮಂಡಿಯದ್ದು. ಮಂಡಿಯಲ್ಲಿ 26 ಕೆ.ಜಿ. ಮೂಟೆ ಯಾಕೆ ಬಂತು ಎಂದು ಯೋಚಿಸಿದ್ದೀರಾ? ಮೇಲೆ ಹೇಳಿದ 25 ಕೆ.ಜಿ. ಗೆರೆಯನ್ನು ಒಂದು ಕೆ.ಜಿ.ಯಿಂದ ದಾಟಿದರೆ ತೆರಿಗೆ ಇಲ್ಲ. ಐದು, ಹತ್ತು ಕೆ.ಜಿ.ಯ ಸ್ವಂತ ಲೇಬಲ್ ಚೀಲ ಆ ಶೇ 5 ಹೊತ್ತುಕೊಂಡೇ ಬರುತ್ತದೆ. ನಾಲ್ಕೈದು ಜನರ ಮನೆಗೆ ಮೂಟೆಯೇ ಲಾಭ. ಇಬ್ಬರಿದ್ದರೆ ಹುಳ ಬೀಳುವ ಮುಂಚೆ ಮುಗಿಯುವುದಿಲ್ಲ, ಚೀಲವೇ ಸರಿ. ಚೀಲದ ಮೇಲೆ ‘ಸೋನಾ ಮಸೂರಿ’ ಅಂತಿದ್ದರೆ ಸಾಲದು, ಸ್ಟೀಮ್ ಅಕ್ಕಿಯೋ ರಾ ಅಕ್ಕಿಯೋ, ಹೊಸದೋ ಹಳೆಯದೋ ನೋಡಿ. ಹೊಸ ಅಕ್ಕಿಗೆ ಎರಡು ಪಟ್ಟು ನೀರು ಸಾಕು, ವರ್ಷ ದಾಟಿದ್ದಕ್ಕೆ ಎರಡೂವರೆ. ಅಳತೆ ಬದಲಿಸದೆ ಬೇಯಿಸಿ ಅನ್ನ ಮುದ್ದೆಯಾಯಿತು ಎಂದು ದೂರುವವರೇ ಹೆಚ್ಚು.

ಎಣ್ಣೆಯಲ್ಲಿ ಮೋಸ ಹೋಗುವುದು ಗುಣಮಟ್ಟದಲ್ಲಲ್ಲ, ತೂಕದಲ್ಲಿ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಬಹುಪಾಲು ಆಮದು. 2024ರ ಸೆಪ್ಟೆಂಬರ್‌ನಲ್ಲಿ ಆಮದು ಸುಂಕ ಏರಿದಾಗ ಎಲ್ಲ ಹೆಸರುಗಳೂ ಒಟ್ಟಿಗೇ ಏರಿದ್ದು ಅದಕ್ಕೇ. ಆದರೆ ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ ಎಂಬುದನ್ನು ಮರೆಯಬೇಡಿ, ಯಾಕೆಂದರೆ ನೋಡಲು ಅಷ್ಟೇ ದೊಡ್ಡದಾದ 850 ಗ್ರಾಂ ಪೌಚ್‌ಗಳೂ ಪಕ್ಕದಲ್ಲೇ ಕೂತಿರುತ್ತವೆ. 150 ರೂಪಾಯಿಯ ಲೀಟರ್ ಪೌಚ್ ಮತ್ತು 142 ರೂಪಾಯಿಯ 850 ಗ್ರಾಂ ಪೌಚ್ ಇವೆ ಎಂದುಕೊಳ್ಳಿ. ಮೊದಲನೆಯದು ಕೆ.ಜಿ.ಗೆ 165 ರೂಪಾಯಿ, ಎರಡನೆಯದು 167. ಎಂಟು ರೂಪಾಯಿ ಉಳಿಸಿದೆವು ಎಂದುಕೊಂಡವರು ಕೆ.ಜಿ.ಗೆ ಎರಡು ರೂಪಾಯಿ ಜಾಸ್ತಿ ಕೊಟ್ಟಿರುತ್ತಾರೆ.

ಇದಕ್ಕೇ ತಾನೇ ಪ್ಯಾಕೆಟ್ ಮೇಲೆ ಯೂನಿಟ್ ದರ ಅಚ್ಚು ಹಾಕಿರುವುದು ಎನ್ನಬಹುದು. ಹೌದು, ಗ್ರಾಂಗೆ ಅಥವಾ ಕೆ.ಜಿ.ಗೆ ಎಷ್ಟು ಎಂದು ಈಗ ಕಡ್ಡಾಯವಾಗಿ ಬರೆಯಬೇಕು. ಆದರೆ ಅದನ್ನು ಲೆಕ್ಕ ಹಾಕಿರುವುದು ಎಂಆರ್‌ಪಿಯಿಂದ, ನೀವು ಕೊಡುವ ದರದಿಂದಲ್ಲ. ಹಾಗಾಗಿ ಸ್ವಂತ ಲೇಬಲ್‌ನ ಮಟ್ಟಿಗೆ ಆ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಮೊಬೈಲ್ ತೆಗೆದು ಕೊಡುವ ದರವನ್ನು ನಿವ್ವಳ ತೂಕದಿಂದ ಭಾಗಿಸಿ, ಅದೊಂದೇ ದಾರಿ.

ಸ್ವಂತ ಲೇಬಲ್‌ನ ಮಟ್ಟಿಗೆ ರವೆಯದ್ದು ಮಧ್ಯಮ ಸ್ಥಾನ. ಉಪ್ಪಿಟ್ಟಿಗೆ ಕಾಳು ಒಂದೇ ಸಮ ಇರಬೇಕು. ಅಗ್ಗದ ಪ್ಯಾಕೆಟ್‌ನಲ್ಲಿ ಹಿಟ್ಟಿನಂಥ ಪುಡಿ ಬೆರೆತಿರುತ್ತದೆ, ಅದು ಗಂಟು ಕಟ್ಟುತ್ತದೆ. ಪ್ಯಾಕೆಟ್ ಅಲುಗಾಡಿಸಿದಾಗ ಒಳಗೋಡೆಗೆ ಬಿಳಿ ಪುಡಿ ಮೆತ್ತಿಕೊಂಡರೆ ಬಿಟ್ಟುಬಿಡಿ. ಮೂಲೆಯಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಆಗಲೇ ಹುಳ ಬಿದ್ದಿದೆ. ತಂದ ದಿನವೇ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ. ಬಿಸಿಯಿದ್ದಾಗ ಮುಚ್ಚಿದರೆ ಆವಿ ನಿಂತು ಮುಗ್ಗಲು ವಾಸನೆ ಬರುತ್ತದೆ.

ಇಲ್ಲಿಂದ ಮುಂದೆ ಲೆಕ್ಕ ತಿರುಗಿ ಬೀಳುತ್ತದೆ. ಸಾರಿನ ಪುಡಿಯಲ್ಲಿ ಕಂಪನಿ ಮಾಡಿದ ಕೆಲಸ ಇದೆ. ದೇಶಕ್ಕೆಲ್ಲ ಒಂದೇ ಪುಡಿ ಎಂಬ ಲೆಕ್ಕದಲ್ಲಿ ಮಾಡಿಸಿದ ‘ಸಾಂಬಾರ್ ಮಸಾಲಾ’ ನಮ್ಮ ಹುಳಿಗೂ ಆಗದು, ತಿಳಿಸಾರಿಗಂತೂ ಆಗಲೇ ಆಗದು. ಪದಾರ್ಥಗಳ ಪಟ್ಟಿ ಓದಿ. ಅದರಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರಬೇಕು ಎಂಬುದು ನಿಯಮ. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಜೀರಿಗೆ ಮುಂದಿದ್ದರೆ ಸರಿ. ಎರಡನೆಯದೋ ಮೂರನೆಯದೋ ಉಪ್ಪು ಎಂದಿದ್ದರೆ ನೀವು ಮಸಾಲೆಯ ಬೆಲೆಗೆ ಉಪ್ಪು ಕೊಳ್ಳುತ್ತಿದ್ದೀರಿ. ಸಾರಿನ ಪುಡಿಯಲ್ಲಿ ಕಡಲೆಬೇಳೆ ಮುಂದಿದ್ದರೆ ಸಾರು ಮಂದವಾಗಿ ಅಡಿಗೆ ಕೂರುತ್ತದೆ; ಅದು ಹುಳಿಪುಡಿಯ ಲಕ್ಷಣ. ಖಾರದ ಪುಡಿಯಲ್ಲೂ ಇದೇ ತಾಪತ್ರಯ. ಬ್ಯಾಡಗಿ ಎಂದು ಬರೆದಿಲ್ಲದಿದ್ದರೆ ಬಣ್ಣ ಕಡಿಮೆ, ಉರಿ ಜಾಸ್ತಿ ಎಂದೇ ತಿಳಿದು ಮಾಮೂಲಿನ ಅರ್ಧ ಹಾಕಿ ರುಚಿ ನೋಡಿ. ಈ ಸಾಲಿನಲ್ಲಿ ದುಡ್ಡು ಉಳಿಸಬೇಕಿದ್ದರೆ ಮನೆಯಲ್ಲೇ ಹುರಿದು ಗಿರಣಿಗೆ ಕೊಡುವುದು ಮೇಲು. ಹೇಗೂ ಧನಿಯಾ, ಜೀರಿಗೆ ಸ್ವಂತ ಲೇಬಲ್‌ನಲ್ಲೇ ಚೆನ್ನಾಗಿ ಸಿಗುತ್ತವೆ.

ಕಾಫಿಪುಡಿ ಕೊಳ್ಳುವಾಗ ನೋಡಬೇಕಾದ್ದು ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಬೇರಿನ ಪುಡಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಬರೆಯಲೇಬೇಕು. 80:20ರ ಅರ್ಧ ಕೆ.ಜಿ. 400 ರೂಪಾಯಿ, 55:45ರದ್ದು 320 ಇದ್ದರೆ ಯಾವುದು ಅಗ್ಗ? ಮೊದಲನೆಯದರಲ್ಲಿ 400 ಗ್ರಾಂ ಕಾಫಿ, ಗ್ರಾಂಗೆ ಒಂದು ರೂಪಾಯಿ. ಎರಡನೆಯದರಲ್ಲಿ 275 ಗ್ರಾಂ, ಗ್ರಾಂಗೆ 1 ರೂಪಾಯಿ 16 ಪೈಸೆ. ಡಿಕಾಕ್ಷನ್ ಕಪ್ಪಗೆ ಇಳಿಯಿತು ಎಂದು ಹಿಗ್ಗಬೇಡಿ, ಆ ಬಣ್ಣ ಚಿಕೋರಿಯದ್ದು. ಅದೂ ಅಲ್ಲದೆ ಪುಡಿ ಮಾಡಿದ ಕಾಫಿಯ ಘಮ ಎರಡು ಮೂರು ವಾರಕ್ಕೆ ಇಳಿಯುತ್ತದೆ. ಬೀದಿಯ ಕಾಫಿ ವರ್ಕ್ಸ್‌ನಲ್ಲಿ ಕಣ್ಣೆದುರು ಬೀಸಿಕೊಡುವ ಕಾಲು ಕೆ.ಜಿ.ಯ ಮುಂದೆ ಬ್ರ್ಯಾಂಡೂ ನಿಲ್ಲುವುದಿಲ್ಲ, ಸ್ವಂತ ಲೇಬಲ್ಲೂ ನಿಲ್ಲುವುದಿಲ್ಲ.

ಬಟ್ಟೆ ಸೋಪಿನ ಪುಡಿಯನ್ನು ಕೆ.ಜಿ. ದರದಲ್ಲಿ ಅಳೆಯಬೇಡಿ, ಒಂದು ಒಗೆತಕ್ಕೆ ಎಷ್ಟು ಎಂದು ಅಳೆಯಿರಿ. ಕೆ.ಜಿ.ಗೆ 100 ರೂಪಾಯಿಯದ್ದು 35 ಗ್ರಾಂ ಸಾಕಾದರೆ ಮೂರೂವರೆ ರೂಪಾಯಿ. 70 ರೂಪಾಯಿಯದ್ದು 60 ಗ್ರಾಂ ಬೇಕಾದರೆ ನಾಲ್ಕು ರೂಪಾಯಿ 20 ಪೈಸೆ. ಗಡಸು ನೀರಿನ ಬಡಾವಣೆಗಳಲ್ಲಿ ಈ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ.

ತುಪ್ಪ ನುಂಗಲಾರದ ತುತ್ತು. 2025ರ ಸೆಪ್ಟೆಂಬರ್ 22ರಂದು ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ ನಂದಿನಿ ಲೀಟರ್‌ಗೆ 610 ಆಯಿತು, ನವೆಂಬರ್‌ನಲ್ಲಿ 700. ಹಾಗೆಂದು ಅರ್ಧ ಬೆಲೆಯ ‘ತುಪ್ಪ’ ಕಂಡರೆ ಹೆಸರಿನ ಪಕ್ಕದ ಸಣ್ಣಕ್ಷರ ಓದಿ. ಪದಾರ್ಥದ ಪಟ್ಟಿಯಲ್ಲಿ ಹಾಲಿನ ಕೊಬ್ಬು ಬಿಟ್ಟು ಸಸ್ಯಜನ್ಯ ಎಣ್ಣೆ ಕಂಡರೆ ಅದು ದೀಪಕ್ಕೆ. ಕಲಬೆರಕೆಯ ಅನುಮಾನ ಹೆಚ್ಚಿರುವ ಈ ಒಂದು ಪದಾರ್ಥದಲ್ಲಿ ದುಬಾರಿಯಾದರೂ ಗೊತ್ತಿರುವ ಡೇರಿಯದ್ದೇ ವಾಸಿ.

ಇನ್ನೊಂದು ವಿಷಯ ಪ್ಯಾಕೆಟ್ ಹಿಂಬದಿಯಲ್ಲಿದೆ. ‘ಮಾರಾಟಗಾರರು’ ಎಂಬ ಸಾಲಿನಲ್ಲಿ ಸೂಪರ್‌ಮಾರ್ಕೆಟ್ ಹೆಸರಿದ್ದರೆ, ‘ಪ್ಯಾಕ್ ಮಾಡಿದವರು’ ಅಥವಾ ‘ತಯಾರಕರು’ ಎಂಬಲ್ಲಿ ಬೇರೆ ಯಾವುದೋ ಮಿಲ್ಲಿನ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ. ಒಂದು ಬೇಳೆ ಚೆನ್ನಾಗಿ ಬೆಂದರೆ ಆ ವಿಳಾಸದ ಫೋಟೋ ತೆಗೆದಿಟ್ಟುಕೊಳ್ಳಿ. ಸ್ವಂತ ಲೇಬಲ್‌ನ ದೊಡ್ಡ ದೌರ್ಬಲ್ಯವೇ ಇದು: ಕವರ್ ಅದೇ ಇದ್ದು ಒಳಗಿನ ಮಿಲ್ ಬದಲಾಗಿರುತ್ತದೆ. ಮುಂದಿನ ತಿಂಗಳು ವಿಳಾಸ ಬೇರೆಯಿದ್ದರೆ ಮತ್ತೆ ಅರ್ಧ ಕೆ.ಜಿ.ಯಿಂದಲೇ ಶುರು ಮಾಡಿ.

ಹುಳ ಬಂತು, ಕಲ್ಲು ಬಂತು ಎಂದಾಗ ಮಾತ್ರ ಬ್ರ್ಯಾಂಡಿಗಿಂತ ಇದೇ ಸಲೀಸು. ಲೇಬಲ್ ಅಂಗಡಿಯದ್ದೇ ಆದ್ದರಿಂದ ‘ಕಂಪನಿಯವರನ್ನು ಕೇಳಿ’ ಎಂದು ಕೌಂಟರ್‌ನಲ್ಲಿ ಸಾಗಹಾಕಲು ಬರುವುದಿಲ್ಲ. ಬ್ಯಾಚ್ ಸಂಖ್ಯೆ ಕಾಣುವಂತೆ ಪ್ಯಾಕೆಟ್ ಕತ್ತರಿಸಿ, ಬಿಲ್ ಜೊತೆ ಇಟ್ಟುಕೊಂಡು ಹೋಗಿ. ಬದಲಿಸಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.