ಮಣಿಕಟ್ಟಿನ ನರಕ್ಕೆ ಇಂಜೆಕ್ಷನ್: ಅಂದಾಜಿನಲ್ಲಿ ಕೊಡುವುದೋ, ನೋಡಿ ಕೊಡುವುದೋ?

"ರಾತ್ರಿ ಕೈ ಜುಮುಜುಮು ಅಂತಾವ್ರಿ, ಜಾಡಿಸಿದ್ರ ಆರಾಮ." ಕಲಬುರಗಿಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಹೀಗೆಂದರೆ ಮೊದಲು ನೆನಪಾಗಬೇಕಾದದ್ದು ಕಾರ್ಪಲ್ ಟನೆಲ್, ಅಂದರೆ ಮಣಿಕಟ್ಟಿನ ಸುರಂಗದಲ್ಲಿ ಒತ್ತಿಕೊಂಡ ಮೀಡಿಯನ್ ನರ. ಪಟ್ಟಿ ಕಟ್ಟಿದರೂ ಇಳಿಯದಿದ್ದಾಗ ನರದ ಸುತ್ತ ಮದ್ದಿನ ಇಂಜೆಕ್ಷನ್. ಅದನ್ನು ಕೊಡುವ ಮೂರು ದಾರಿಗಳನ್ನೂ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇವೆ.

ಮೊದಲನೆಯದು ಕೈಯಂದಾಜು. ಮಣಿಕಟ್ಟಿನ ನಡುವೆ ಹಾಯುವ ಪಾಲ್ಮಾರಿಸ್ ಲಾಂಗಸ್ ಸ್ನಾಯುರಜ್ಜುವಿನ ಕಿರುಬೆರಳ ಬದಿಗೆ, ಮಣಿಕಟ್ಟಿನ ಗೆರೆಗಿಂತ 1 ಸೆಂ.ಮೀ. ಮೇಲೆ, ಮೊಣಕೈ ಕಡೆಗೆ, ಸೂಜಿ ಓರೆಯಾಗಿ ಒಳಗೆ. ಎರಡು ನಿಮಿಷದ ಕೆಲಸ, ಯಂತ್ರ ಬೇಡ. ಆದರೆ ಆ ರಜ್ಜು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಕೆಲವರಲ್ಲಿ ನರ ಎರಡಾಗಿ ಸೀಳಿರುತ್ತದೆ, ನಡುವೆ ರಕ್ತನಾಳವೂ ಹರಿಯುತ್ತಿರುತ್ತದೆ. ಬೆರಳಿಗೆ ಇದು ಸಿಗುವುದಿಲ್ಲ.

ಉಳಿದೆರಡು ದಾರಿ ಅಲ್ಟ್ರಾಸೌಂಡಿನಲ್ಲಿ ನೋಡಿ ಕೊಡುವಂಥವು. ಅದಕ್ಕೆ 12 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ಲೀನಿಯರ್ ಪ್ರೋಬ್, ಅಂದರೆ ಚರ್ಮದ ಮೇಲಿಡುವ ನೇರ ಮುಖದ ಹಿಡಿಕೆ, ಬೇಕು, ಆಳ 2 ಸೆಂ.ಮೀ. ಸಾಕು. ಅಡ್ಡ ಕೊಯ್ತದಲ್ಲಿ ನರ ಜೇನುಹಟ್ಟಿಯಂತೆ ಕಾಣುತ್ತದೆ. ಪಕ್ಕದ ರಜ್ಜುಗಳೂ ಹಾಗೇ ಕಂಡು ಗೊಂದಲವಾದರೆ ಪ್ರೋಬನ್ನು ಸ್ವಲ್ಪ ವಾಲಿಸಿ: ರಜ್ಜುಗಳು ಕಪ್ಪಾಗುತ್ತವೆ, ನರ ಅಷ್ಟಾಗಿ ಮಾಸುವುದಿಲ್ಲ. ಮಣಿಕಟ್ಟಿನ ಕಿರುಬೆರಳ ಬದಿಯ ಪುಟ್ಟ ಪಿಸಿಫಾರ್ಮ್ ಮೂಳೆಯ ಮಟ್ಟದಲ್ಲಿ ನರದ ಅಂಚಿನ ಬಿಳಿ ಗೆರೆಯ ಒಳಗಿನ ವಿಸ್ತೀರ್ಣ ಅಳೆಯಿರಿ. ಸುಮಾರು 10 ಚದರ ಮಿ.ಮೀ. ಒಳಗಿದ್ದರೆ ಸಹಜ. 12 ದಾಟಿ ಲಕ್ಷಣವೂ ಇದ್ದರೆ ಅನುಮಾನ ಉಳಿಯುವುದಿಲ್ಲ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ರಕ್ತನಾಳ ನೋಡದೆ ಸೂಜಿ ಎತ್ತಬೇಡಿ.

ಇನ್ನು ಸೂಜಿಯ ದಾರಿ. ಎರಡನೆಯದರಲ್ಲಿ, ಪ್ರೋಬಿಗೆ ಅಡ್ಡಲಾಗಿ ಚುಚ್ಚಿದರೆ ದೂರ ಕಡಿಮೆ, ನೋವೂ ಕಡಿಮೆ. ಪರದೆಯಲ್ಲಿ ಕಾಣುವುದು ಮಾತ್ರ ಒಂದೇ ಬಿಳಿ ಚುಕ್ಕೆ. ಅದು ತುದಿಯೋ, ಸೂಜಿಯ ನಡುಭಾಗವೋ ಹೇಳಲಾಗದು. ನಡುಭಾಗವಾಗಿದ್ದರೆ ತುದಿ ಆಗಲೇ ನರದೊಳಗೆ ಇರಬಹುದು. ಪರದೆ ಮುಂದಿದ್ದರೂ ಅದು ಅಂದಾಜೇ.

ನಮ್ಮ ಒಲವು ಮೂರನೆಯದಕ್ಕೆ: ಪ್ರೋಬಿನ ಉದ್ದಕ್ಕೆ, ಕಿರುಬೆರಳ ಬದಿಯಿಂದ. 25 ಗೇಜಿನ ಒಂದೂವರೆ ಇಂಚಿನ ಸೂಜಿ. ಆ ಬದಿಯಲ್ಲೇ ಹಾಯುವ ಅಲ್ನರ್ ರಕ್ತನಾಳ, ಅಲ್ನರ್ ನರ ಎರಡನ್ನೂ ಮೊದಲು ಗುರುತಿಸಿ, ಅವುಗಳ ಮೇಲಿಂದ ಸೂಜಿಯನ್ನು ಆದಷ್ಟು ಮಲಗಿಸಿಕೊಂಡು ಸಾಗಿಸಬೇಕು. ಮಣಿಕಟ್ಟು ಕಿರಿದು, ಸ್ಟೆರೈಲ್ ಜೆಲ್ ಧಾರಾಳವಾಗಿರಲಿ. ಸಿರಿಂಜಿನ ಗಾಳಿ ಪೂರ್ತಿ ಹೊರಹಾಕದಿದ್ದರೆ ಗುಳ್ಳೆಯ ನೆರಳು ನರವನ್ನೇ ಮರೆಮಾಡುತ್ತದೆ. ಮೊದಲ 1 ಮಿ.ಲೀ. ಮೀಡಿಯನ್ ನರದ ಮೇಲೆ, ಸುರಂಗದ ಚಾವಣಿಯ ಪೊರೆಯ ಕೆಳಗೆ. ಉಳಿದದ್ದು ನರದಡಿ, ರಜ್ಜುಗಳಿಂದ ಅದು ಬಿಡಿಸಿಕೊಳ್ಳುವಂತೆ. ಸುತ್ತ ಕಪ್ಪು ಉಂಗುರ ಮೂಡಿದರೆ ಸರಿ. ನರವೇ ಉಬ್ಬಿದರೆ, ತಳ್ಳಲು ಬಿಗಿ ಅನಿಸಿದರೆ, ಬೆರಳಿಗೆ ಕರೆಂಟ್ ಹೊಡೆದಂತಾದರೆ ಆ ಕ್ಷಣವೇ ನಿಲ್ಲಿಸಿ.

ಮದ್ದಿನಲ್ಲಿ ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ 40 ಮಿ.ಗ್ರಾಂ. ಬೇಗ ಆರಾಮ ಕೊಡುತ್ತದೆ, ಆದರೆ ಕೆಲ ತಿಂಗಳಲ್ಲಿ ನೋವು ಮರಳಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತದೆ, ಚರ್ಮ ಬೆಳ್ಳಗಾಗುವುದೂ ಉಂಟು. ಅಂಥವರಿಗೆ ನಾವು 5% ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ದ್ರಾವಣ, 5 ಮಿ.ಲೀ. ಆರಿಸುತ್ತೇವೆ. ಹೆಸರು ಕೇಳಿ ರೋಗಿ ಹೆದರುತ್ತಾರೆ. ಅದರಲ್ಲಿರುವ ಸಕ್ಕರೆ ಬರೀ ಕಾಲು ಗ್ರಾಂ. ಗುಣ ನಿಧಾನ ಎಂದು ಮೊದಲೇ ಹೇಳಿಬಿಡಿ.

ಮುಂಗೈಯಲ್ಲಿ ಮೇಲಕ್ಕೂ ನರ ದಪ್ಪವಾಗಿದ್ದು, ಚರ್ಮದಲ್ಲಿ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಸೂಜಿ ಕೆಳಗಿಡಿ, ಕುಷ್ಠದ ತಪಾಸಣೆ ಮೊದಲು. ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ ಯಾವ ಇಂಜೆಕ್ಷನ್ನಿಗೂ ಕಾಯಿಸದೆ ಶಸ್ತ್ರಚಿಕಿತ್ಸಕರ ಬಳಿ ಕಳಿಸಿ.