ಸ್ವಿಚ್ ಆಫ್ ಮಾಡಿದರೆ ನಿಲ್ಲುವ ನ್ಯೂಟ್ರಾನ್: ಫ್ಯೂಸರ್ ಬಳಸಿದ ಅನುಭವ

ನಮ್ಮ ಲ್ಯಾಬಿನಲ್ಲಿ ಕೆಲವು ವರ್ಷಗಳಿಂದ ಫ್ಯೂಸರ್ ಇದೆ, ಅಂದರೆ ಪರಮಾಣು ಬೀಜಗಳನ್ನು ಡಿಕ್ಕಿ ಹೊಡೆಸಿ ಬೆಸೆದು (ಇದೇ ಫ್ಯೂಷನ್) ನ್ಯೂಟ್ರಾನ್ ಹುಟ್ಟಿಸುವ ಯಂತ್ರ. ಡಿಟೆಕ್ಟರ್‌ಗಳನ್ನು ಪರೀಕ್ಷಿಸಲು, ವಿದ್ಯಾರ್ಥಿಗಳಿಗೆ ಪ್ರಯೋಗ ಮಾಡಿಸಲು ಬಳಸುತ್ತೇವೆ. ಕೊಳ್ಳುವ ಯೋಚನೆ ಇರುವವರಿಗೆ ಮೊದಲೇ ಹೇಳುತ್ತೇನೆ, ಇದರಿಂದ ವಿದ್ಯುತ್ ಸಿಗುವುದಿಲ್ಲ. ಸೆಕೆಂಡಿಗೆ 1 ಕೋಟಿ ನ್ಯೂಟ್ರಾನ್ ಬರುತ್ತಿದ್ದರೂ ಒಳಗೆ ಫ್ಯೂಷನ್‌ನಿಂದ ಹುಟ್ಟುವ ಶಕ್ತಿ ಒಂದು ವ್ಯಾಟ್‌ನ ಲಕ್ಷದಲ್ಲೊಂದು ಭಾಗದಷ್ಟು. ನಾವು ಸುರಿಯುವುದು ಕಿಲೋವ್ಯಾಟ್ ಲೆಕ್ಕದಲ್ಲಿ. ನ್ಯೂಟ್ರಾನ್ ಬೇಕು ಅನ್ನುವವರಿಗಷ್ಟೇ ಇದು.

ಟಿವಿ ತಂತ್ರಜ್ಞಾನಕ್ಕೆ ಹೆಸರಾದ ಫಿಲೋ ಫಾರ್ನ್ಸ್‌ವರ್ತ್ ಅವರ ಕಲ್ಪನೆ ಇದು. ರಾಬರ್ಟ್ ಹಿರ್ಷ್ 1967ರಲ್ಲಿ ಇದರ ಪ್ರಯೋಗಗಳನ್ನು ಪ್ರಕಟಿಸಿದರು. ಗಾಳಿ ತೆಗೆದ ಸ್ಟೀಲ್ ಚೇಂಬರಿನ ನಡುವೆ ತಂತಿಯ ಗ್ರಿಡ್ ಇರುತ್ತದೆ. ಅದಕ್ಕೆ ಮೈನಸ್ ಹತ್ತಾರು ಸಾವಿರ ವೋಲ್ಟ್ ಕೊಟ್ಟು, ಸ್ವಲ್ಪವೇ ಸ್ವಲ್ಪ ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಅನಿಲ ಬಿಟ್ಟರೆ ಅದರ ಅಯಾನುಗಳು ಗ್ರಿಡ್ ಕಡೆ ಧಾವಿಸುತ್ತವೆ. ಡಿಕ್ಕಿಯಲ್ಲಿ ಕೆಲವು ಬೆಸೆದುಕೊಳ್ಳುತ್ತವೆ. ಹಾಗೆ ಬೆಸೆದವುಗಳಲ್ಲಿ ಸುಮಾರು ಅರ್ಧದಷ್ಟು 2.45 ಎಂಇವಿ (ಕಣಗಳ ಶಕ್ತಿಯ ಅಳತೆ) ಶಕ್ತಿಯ ನ್ಯೂಟ್ರಾನ್ ಕೊಡುತ್ತವೆ.

ನನಗೆ ಇದು ಇಷ್ಟವಾಗಲು ದೊಡ್ಡ ಕಾರಣ ಸ್ವಿಚ್. ನ್ಯೂಟ್ರಾನ್‌ಗಾಗಿ ಬಳಸುವ ವಿಕಿರಣಶೀಲ ವಸ್ತು ಕ್ಯಾಲಿಫೋರ್ನಿಯಂ-252 ಹಗಲೂ ರಾತ್ರಿ ನ್ಯೂಟ್ರಾನ್ ಉಗುಳುತ್ತಲೇ ಇರುತ್ತದೆ, ಜೊತೆಗೆ ಸುಮಾರು 2.6 ವರ್ಷಕ್ಕೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ. ಫ್ಯೂಸರ್‌ನಲ್ಲಿ ವೋಲ್ಟೇಜ್ ತೆಗೆದ ಕ್ಷಣ ನ್ಯೂಟ್ರಾನ್ ನಿಂತಿತು. ಪಾಠ ಮಾಡುವವರಿಗೆ ಇದಕ್ಕಿಂತ ನೆಮ್ಮದಿ ಇನ್ನೇನು ಬೇಕು, ಅಲ್ವಾ?

ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಬೆಳ್ಳಿ ಹಾಳೆ. ಪಾಲಿಥೀನ್ ದಿಮ್ಮಿಯೊಳಗೆ ಅದನ್ನಿಟ್ಟು ಸ್ವಲ್ಪ ಹೊತ್ತು ಫ್ಯೂಸರ್ ಓಡಿಸುತ್ತೇವೆ. ಪಾಲಿಥೀನ್ ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ, ಅವನ್ನು ಹೀರಿಕೊಂಡ ಬೆಳ್ಳಿ ವಿಕಿರಣಶೀಲವಾಗುತ್ತದೆ. ಆಫ್ ಮಾಡಿ, ಹಾಳೆಯನ್ನು ವಿಕಿರಣ ಅಳೆಯುವ ಗೈಗರ್ ಕೌಂಟರ್ ಎದುರು ಹಿಡಿದರೆ ಮೊದಲು ಚಟಚಟ ಸದ್ದು ಜೋರಾಗಿ ಕೇಳುತ್ತದೆ. ಹೀಗೆ ಹುಟ್ಟಿದ ಒಂದು ಬಗೆಯ ವಿಕಿರಣಶೀಲ ಬೆಳ್ಳಿ ಸುಮಾರು 25 ಸೆಕೆಂಡಿಗೆ ಅರ್ಧವಾದರೆ, ಇನ್ನೊಂದಕ್ಕೆ ಸುಮಾರು 2.4 ನಿಮಿಷ ಬೇಕು. ಹಾಗಾಗಿ ಸದ್ದು ಮೊದಲು ಸರ್ರನೆ ಇಳಿದು, ಆಮೇಲೆ ನಿಧಾನವಾಗುತ್ತದೆ. ಎರಡು ಅರ್ಧಾಯುಗಳು ಕಿವಿಗೇ ಕೇಳುತ್ತವೆ. ಎಷ್ಟು ಸಲ ಮಾಡಿಸಿದರೂ ನನಗೆ ಬೇಜಾರಾಗಿಲ್ಲ.

ಈಗ ತೊಂದರೆಗಳ ವಿಷಯ. ಜಾಸ್ತಿ ಕಾಡಿದ್ದು ನ್ಯೂಟ್ರಾನ್ ಸಂಖ್ಯೆ ಒಂದೇ ಸಮ ನಿಲ್ಲದಿರುವುದು. ಅದೇ ವೋಲ್ಟೇಜ್, ಅದೇ ಕರೆಂಟ್ ಇಟ್ಟರೂ ಬೆಳಗಿನ ಲೆಕ್ಕ ಮಧ್ಯಾಹ್ನ ಇರುವುದಿಲ್ಲ. ಚೇಂಬರ್ ಗೋಡೆ ಡ್ಯೂಟೀರಿಯಂ ಹೀರಿಕೊಳ್ಳುತ್ತದೆ, ಬಿಸಿಯಾದಾಗ ಬಿಡುತ್ತದೆ, ಜೊತೆಗೆ ಹಳೆಯ ತೇವವನ್ನೂ ಬಿಡುತ್ತದೆ. ಒತ್ತಡ ಒಂಚೂರು ಏರಿದರೂ ಕರೆಂಟ್ ನೆಗೆಯುತ್ತದೆ. ಮೀಟರ್ ನೋಡಿ ಲೆಕ್ಕ ಹಾಕಬೇಡಿ. ಪಕ್ಕದಲ್ಲಿ ನ್ಯೂಟ್ರಾನ್ ಎಣಿಸುವ ಒಂದು ಹೀಲಿಯಂ-3 ಡಿಟೆಕ್ಟರ್ ಕಾಯಂ ಇರಲಿ. ಇನ್ನೊಂದು ಮಾತು. ಫ್ಯೂಷನ್ ಎಲ್ಲ ನಟ್ಟನಡುವಿನ ಚುಕ್ಕೆಯಲ್ಲೇ ಆಗುತ್ತದೆ ಅಂತ ಚಿತ್ರ ನೋಡಿದವರು ಅಂದುಕೊಳ್ಳುತ್ತಾರೆ. ಇಂಥ ಯಂತ್ರಗಳಲ್ಲಿ ಬಹುಪಾಲು ಡಿಕ್ಕಿಗಳು ಸುತ್ತಲಿನ ಅನಿಲದಲ್ಲೇ ನಡೆಯುತ್ತವೆ. ಹಾಗಾಗಿ ಡಿಟೆಕ್ಟರ್ ತುಂಬಾ ಹತ್ತಿರ ಇಟ್ಟರೆ, ನಡುವಿನಿಂದ ಇಷ್ಟು ದೂರ ಅಂತ ಹಾಕುವ ಲೆಕ್ಕ ತಪ್ಪುತ್ತದೆ.

ಹೈ-ವೋಲ್ಟೇಜ್ ಒಳಹೋಗುವ ಸೆರಾಮಿಕ್ ಕೊಳವೆ ಇದರ ಮರ್ಮಸ್ಥಾನ. ಗ್ರಿಡ್ ಲೋಹ ಕಣಕಣವಾಗಿ ಸವೆದು ಅದರ ಮೇಲೆ ಕಪ್ಪಗೆ ಕೂರುತ್ತದೆ. ಒಂದು ದಿನ ಟಕ್ ಅಂತ ಕಿಡಿ ಹಾರಿ ವೋಲ್ಟೇಜ್ ಕುಸಿಯುತ್ತದೆ. ಕೊಳ್ಳುವಾಗಲೇ ಒಂದು ಕೊಳವೆ, ಒಂದು ಗ್ರಿಡ್ ಹೆಚ್ಚುವರಿ ಕೇಳಿ. ಚೇಂಬರ್ ಬಾಗಿಲು ತೆರೆದ ಮೇಲೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾ ಹೋಗಬೇಕು. ಅವಸರ ಮಾಡಿದರೆ ಕಿಡಿ ಗ್ಯಾರಂಟಿ.

ಸುರಕ್ಷತೆಯಲ್ಲಿ ಎಲ್ಲರೂ ನ್ಯೂಟ್ರಾನ್ ಬಗ್ಗೆಯೇ ಕೇಳುತ್ತಾರೆ. ಹೈ-ವೋಲ್ಟೇಜ್‌ನಿಂದ ಹುಟ್ಟುವ ಎಕ್ಸ್-ರೇ ಮರೆಯಬೇಡಿ. ಸ್ಟೀಲ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಗಾಜಿನ ಕಿಟಕಿ ಅಷ್ಟು ತಡೆಯುವುದಿಲ್ಲ. ನಾವು ಕಿಟಕಿಗೆ ಕ್ಯಾಮೆರಾ ಇಟ್ಟು ಪರದೆಯಲ್ಲೇ ನೋಡುತ್ತೇವೆ. ನೇರಳೆ ಕಿರಣಗಳು ಗ್ರಿಡ್ ಸಂದುಗಳಿಂದ ನಕ್ಷತ್ರದ ಹಾಗೆ ಚಾಚುವುದು ಅಲ್ಲೂ ಚೆನ್ನಾಗಿಯೇ ಕಾಣುತ್ತದೆ.

ದಿನವಿಡೀ ಸ್ಥಿರವಾದ, ಭಾರೀ ಪ್ರಮಾಣದ ನ್ಯೂಟ್ರಾನ್ ಬೇಕಿದ್ದರೆ ಇದು ನಿಮಗಲ್ಲ. ವ್ಯಾಕ್ಯೂಮ್ ಪಂಪ್ ನೋಡಿಕೊಳ್ಳಲು ಒಬ್ಬ ಕೈ ಪಳಗಿದವರು ಇದ್ದರೆ, ಕಲಿಸುವುದಕ್ಕೂ ಡಿಟೆಕ್ಟರ್ ಪರೀಕ್ಷೆಗೂ ಧೈರ್ಯವಾಗಿ ತಗೊಳ್ಳಿ.