ದಾವಣಗೆರೆಯಲ್ಲಿ ವಿ-ಕ್ರಾಸ್: ಖಾಲಿ ಇದ್ದರೆ ಕುಣಿತ, ಲೋಡ್ ಇದ್ದರೆ ಸುಖ

ಇಸುಜು ವಿ-ಕ್ರಾಸ್ ಪಿಕಪ್ ತಗೊಂಡ ಮೇಲೆ ಇದು ನಾಲ್ಕನೇ ಮಳೆಗಾಲ. ಮೀಟರ್ 60 ಸಾವಿರ ದಾಟಿದೆ. 1.9 ಲೀಟರ್ ಡೀಸೆಲ್, ನಾಲ್ಕೂ ಗಾಲಿ ಎಳೆಯೋ ಫೋರ್ ಬೈ ಫೋರ್, ಮ್ಯಾನುಯಲ್ ಗೇರ್. ಮನೆ ದಾವಣಗೆರೆಯಲ್ಲಿ, ಅಡಿಕೆ ತೋಟ ಸಂತೇಬೆನ್ನೂರು ಕಡೆ. ತೋಟಕ್ಕೊಂದು ಗಾಡಿ, ಮನೆಗೊಂದು ಕಾರು ಯಾಕೆ, ಎರಡಕ್ಕೂ ಒಂದೇ ಸಾಕು ಅನ್ನೋ ಲೆಕ್ಕದಲ್ಲಿ ತಗೊಂಡಿದ್ದು. ಲೆಕ್ಕ ಮುಕ್ಕಾಲು ಪಾಲು ಸರಿಯಾಗಿದೆ. ಉಳಿದ ಕಾಲು ಪಾಲನ್ನು ನಮ್ಮವ್ವನ ಸೊಂಟವನ್ನೇ ಕೇಳಬೇಕು.

ಹಿಂದೆ ಇರೋದು ಲೀಫ್ ಸ್ಪ್ರಿಂಗ್. ಲಾರಿಗೆ ಹಾಕ್ತಾರಲ್ಲ, ಅದೇ ಪ್ಲೇಟು. ಭಾರ ಹೊರೋಕೆ ಅಂತಲೇ ಮಾಡಿದ್ದು, ಹಾಗಾಗಿ ಖಾಲಿ ಇದ್ದಾಗ ಬಗ್ಗುವುದೇ ಇಲ್ಲ. ಹಂಪ್ ಮೇಲೆ ಮುಂದಿನ ಗಾಲಿ ಮೆತ್ತಗೆ ಇಳಿಯುತ್ತದೆ, ಹಿಂದಿನದು ಎತ್ತಿ ಒಗೆಯುತ್ತದೆ. ಹಿಂದಿನ ಸೀಟಿನ ಒರಗು ಬೇರೆ ನೆಟ್ಟಗೆ. ಅವ್ವ ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈಯಲ್ಲಿ ಹಿಡಿಕೆ ಹಿಡಿದು ಮೆಟ್ಟಿಲು ಹತ್ತಿ ಕೂರುವಷ್ಟರಲ್ಲೇ ಅರ್ಧ ಸುಸ್ತಾಗಿರುತ್ತಾಳೆ. "ಇದಕ್ಕಿಂತ ನಿಮ್ಮಪ್ಪನ ಟ್ರ್ಯಾಕ್ಟರೇ ವಾಸಿ" ಅಂತಾಳೆ. ಎರಡು ಸಾಲು ಸೀಟಿರೋ ಡಬಲ್ ಕ್ಯಾಬ್ ಪಿಕಪ್ ಅಂದರೆ ಸ್ವಭಾವವೇ ಇಷ್ಟು. ಮನೆಯಲ್ಲಿ ವಯಸ್ಸಾದವರಿದ್ದರೆ ಟೆಸ್ಟ್ ಡ್ರೈವ್‌ಗೆ ಅವರನ್ನೇ ಹಿಂದೆ ಕೂರಿಸಿಕೊಂಡು ಹೋಗಿ.

ಅದೇ ಹಿಂದೆ ನಾಲ್ಕು ಚೀಲ ಗೊಬ್ಬರ ಹಾಕಿ ನೋಡಿ. ಯೂರಿಯಾ ಚೀಲ 45 ಕೆಜಿ, ಡಿಎಪಿ 50. ಹೆಚ್ಚುಕಡಿಮೆ ಎರಡು ಕ್ವಿಂಟಾಲ್ ಕೂತ ಕೂಡಲೇ ಗಾಡಿ ಸುಮ್ಮನಾಗುತ್ತದೆ. ಹಂಪ್ ಗೊತ್ತೇ ಆಗಲ್ಲ. ಚೀಲಗಳನ್ನು ಹಿಂದಿನ ಬಾಗಿಲ ಹತ್ತಿರ ಇಡಬೇಡಿ, ಕ್ಯಾಬಿನ್ನಿಗೆ ಒತ್ತಿ ಇಡಿ. ಮಳೆಯಲ್ಲಿ ಖಾಲಿ ಪಿಕಪ್ಪಿನ ಹಿಂದಿನ ಗಾಲಿ ಬೇಗ ಜಾರುತ್ತದೆ, ಅಲ್ಲಿ ತೂಕವೇ ಇರಲ್ಲ ನೋಡಿ. ಅದಕ್ಕೇ ಜೂನ್‌ನಿಂದ ಮರಳಿನ ಚೀಲ ಎರಡು ಹಿಂದೆ ಬಿದ್ದೇ ಇರುತ್ತವೆ.

ಆದರೆ ಬೊಲೆರೊ ಪಿಕಪ್ ಜೊತೆ ಇದನ್ನು ಹೋಲಿಸೋಕೆ ಹೋಗಬೇಡಿ. ಅದರಲ್ಲಿ 1.3 ಟನ್, 1.7 ಟನ್ ಅಂತ ಮಾಡೆಲ್ಲುಗಳೇ ಇವೆ. ನನ್ನದು ಬಿಳಿ ಬೋರ್ಡಿನ ಸ್ವಂತ ಗಾಡಿ, ಐದು ಸೀಟು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಅದರಲ್ಲಿ ಕೂತ ಜನರ ತೂಕವನ್ನೂ ಕಳೆಯಿರಿ. ಉಳಿಯೋದು ಎಷ್ಟು ಅಂತ ಶೋರೂಮಿನಲ್ಲೇ ಲೆಕ್ಕ ಹಾಕಿಸಿ. ಅಡಿಕೆ ಲೋಡು, ಮೆಕ್ಕೆಜೋಳದ ಲೋಡು ಮಂಡಿಗೆ ಹೊಡೆಯೋಕೆ ಇದು ಗಾಡಿಯಲ್ಲ. ಚೌಕಿಪೇಟೆಯಲ್ಲಿ ನಿಲ್ಲಿಸಿದರೆ ಮಾತ್ರ ಇವತ್ತಿಗೂ ಯಾರಾದರೂ "ಅಣ್ಣ, ಬಾಡಿಗೆಗೆ ಬರ್ತೈತಾ?" ಅಂತ ಕೇಳುತ್ತಾರೆ. ನೆಂಟರಂತೂ ಕೇಳೋದೇ ಇಲ್ಲ, ಮನೆ ಶಿಫ್ಟಿಂಗ್ ದಿನ ಗೊತ್ತು ಮಾಡಿಕೊಂಡೇ ಫೋನ್ ಮಾಡುತ್ತಾರೆ.

ಇದರ ಹಿಂದಿನ ಬಾಡಿ ಇರೋದು ತೂಕ ಕಡಿಮೆ, ಜಾಗ ಜಾಸ್ತಿ ಬೇಕಾದ ಸಾಮಾನಿಗೆ. ಡ್ರಿಪ್ ಪೈಪಿನ ಸುರುಳಿ, ಅಡಿಕೆ ಸಸಿ, ಔಷಧಿ ಹೊಡೆಯೋ ಪಂಪು, ಕೆಸರು ಮೆತ್ತಿದ ಗಮ್‌ಬೂಟು. ಕಾರಿನೊಳಗೆ ಇವನ್ನೆಲ್ಲ ತುಂಬಿದರೆ ವಾಸನೆ ವಾರವಾದರೂ ಹೋಗಲ್ಲ. ಒಮ್ಮೆ ಚಿತ್ರದುರ್ಗದಲ್ಲಿ ನೆಂಟರ ಮದುವೆಗೆ ಮಂಡಕ್ಕಿ ಭಟ್ಟಿಯಿಂದ ಚೀಲಗಟ್ಟಲೆ ಮಂಡಕ್ಕಿ ಒಯ್ದೆವು. ತೂಕ ಏನೂ ಇಲ್ಲ, ಎತ್ತರ ಮಾತ್ರ ಕ್ಯಾಬಿನ್ ದಾಟಿತ್ತು. ತಾಡಪಾಲು ಹೊದಿಸಿ ನಾಲ್ಕು ಮೂಲೆ ಕಟ್ಟಿ ಹೊರಟೆವು. ಹೈವೇಯಲ್ಲಿ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಕಾಣೋ ಹೊತ್ತಿಗೆ ಹಿಂದೆ ಪಟಪಟ ಸದ್ದು. ಇಳಿದು ನೋಡಿದರೆ ಗಂಟು ಬಿಗಿಯಾಗಿಯೇ ಇದೆ, ಗಾಳಿ ಹೊಕ್ಕು ತಾಡಪಾಲಿನ ನಡುಭಾಗ ಉಬ್ಬಿದೆ. ಆಮೇಲೆ ಹಗ್ಗವನ್ನು ಅಡ್ಡಡ್ಡ ಹಾಕಿ, ಬಾಡಿ ಒಳಗಿನ ಕೊಕ್ಕೆಗಳಿಗೆ ಎಳೆದು ಕಟ್ಟಿದ ಮೇಲೆ ಸುಮ್ಮನಾಯಿತು. ಹಗುರ ಸಾಮಾನಿಗೇ ಹಗ್ಗ ಜಾಸ್ತಿ ಬೇಕು.

ಎಂಜಿನ್ ಬಗ್ಗೆ ದೂರಿಲ್ಲ. 163 ಪಿಎಸ್ ಶಕ್ತಿ, ಎಳೆಯೋ ಬಲ (ಟಾರ್ಕ್) 360 ಎನ್‌ಎಂ. ಕೆಳಗಿನ ಆರ್‌ಪಿಎಂನಲ್ಲಿ ಸ್ವಲ್ಪ ಸೋಮಾರಿ. ಟರ್ಬೊ ಎದ್ದ ಮೇಲೆ ಆರಾಮಾಗಿ ಎಳೆಯುತ್ತದೆ. ನನಗೆ ಹೈವೇಯಲ್ಲಿ 12-13 ಮೈಲೇಜ್, ಊರಲ್ಲಿ 10ರ ಆಸುಪಾಸು. ಡೀಸೆಲ್ ಬಿಎಸ್-6 ಗಾಡಿ ತಗೊಳ್ಳೋರು ತಿಳಿದಿರಬೇಕಾದ್ದು ಡಿಪಿಎಫ್ ವಿಷಯ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಜರಡಿ ಅದು. ಹೊಗೆ ಚೆನ್ನಾಗಿ ಬಿಸಿಯಾದರೆ ಮಸಿ ಅಲ್ಲೇ ಸುಟ್ಟು ಹೋಗುತ್ತದೆ. ಮನೆಯಿಂದ ಸ್ಕೂಲು, ಸ್ಕೂಲಿಂದ ಅಂಗಡಿ ಅಂತ ಸುಮ್ನೆ ಎರಡೆರಡು ಕಿಲೋಮೀಟರ್ ಓಡಿಸುತ್ತಿದ್ದರೆ ಅಷ್ಟು ಬಿಸಿ ಆಗೋದೇ ಇಲ್ಲ. ರೈಲ್ವೆ ಗೇಟಿನಲ್ಲಿ ಎಂಜಿನ್ ಆನ್ ಇಟ್ಟುಕೊಂಡು ಕಾಯೋದು ಇನ್ನೂ ಕೆಟ್ಟದ್ದು. ನಾನು ತೋಟಕ್ಕೆ ಹೋಗದ ವಾರ ಹರಿಹರದ ಕಡೆ ಹೋಗಿ, ಒಂದು ಗೇರ್ ಕೆಳಗೆ ಇಟ್ಟು, ಅರ್ಧ ಗಂಟೆ ಓಡಿಸಿ ಬರುತ್ತೇನೆ. ಮನೆಯವರಿಗೆ ಇದು ನೆಪ ಅನಿಸುತ್ತದೆ. ಇರಲಿ.

ಊರಲ್ಲಿ ಉದ್ದವೇ ತಲೆನೋವು. ಸುಮಾರು 5.3 ಮೀಟರ್. ಅಗಲ 1.86. ಮಂಡಿಪೇಟೆಗೆ ನಾನು ಸ್ಕೂಟರ್‌ನಲ್ಲೇ ಹೋಗೋದು.

ಹಿಂದಿನ ಬಾಡಿಯ ಮೇಲೆ ಮುಚ್ಚಳ ಕೂರಿಸಿದ ಅಂಗಡಿಯವನು ಮಾತ್ರ ಕೈ ಕೊಟ್ಟ. ಅಂಚಿನಲ್ಲಿ ಡ್ರಿಲ್ ಹೊಡೆದು ಬೋಲ್ಟ್ ಹಾಕಿದ, ತೂತಿಗೆ ಪ್ರೈಮರ್ ಹಚ್ಚಲೇ ಇಲ್ಲ. ಮುಂದಿನ ಮಳೆಗಾಲಕ್ಕೆ ಬೋಲ್ಟ್ ಸುತ್ತ ಕಂದು ಉಂಗುರ. ಕೇಳಿದರೆ "ಅದು ಮಣ್ಣು ಸಾರ್" ಅಂದ! ಬೇರೆ ಕಡೆ ಉಜ್ಜಿಸಿ ಬಣ್ಣ ಹೊಡೆಸಿದೆ. ಕೊರೆಯದೇ ಕ್ಲ್ಯಾಂಪಿನಲ್ಲಿ ಕೂರುವ ಮುಚ್ಚಳಗಳು ಸಿಗುತ್ತವೆ, ಅವನ್ನೇ ತಗೊಳ್ಳಿ. ಮುಚ್ಚಳ ಇದ್ದರೂ ಹಿಂದಿನ ಬಾಗಿಲ ಸಂದಿಯಿಂದ ಧೂಳು ಒಳಗೆ ಬಂದೇ ಬರುತ್ತದೆ.

ಫೋರ್ ಬೈ ಫೋರ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ತೋಟದ ದಾರಿ ಕೆಮ್ಮಣ್ಣಾದರೆ ಟೂ ವೀಲ್ ಡ್ರೈವ್ ಸಾಕು. ನಾಲೆ ಏರಿ, ಗದ್ದೆ ಬದು, ಎರೆ ಮಣ್ಣು ಇದ್ದರೆ ಬೇಕು. ಟಾರ್ ರಸ್ತೆಗೆ ಬಂದ ಕೂಡಲೇ ಹಿಂದಿನ ಎರಡೇ ಗಾಲಿ ಎಳೆಯೋ 2ಎಚ್‌ಗೆ ಹಾಕಿ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ಇದರ ಎರಡು ಆಕ್ಸಲ್ ನಡುವೆ ಇಲ್ಲ. ಒಣ ರಸ್ತೆಯಲ್ಲಿ ನಾಲ್ಕೂ ಗಾಲಿ ಎಳೆಯೋ 4ಎಚ್ ಇಟ್ಟು ತಿರುಗಿಸಿದರೆ ಗಾಡಿ ಬಿಗಿದುಕೊಳ್ಳುತ್ತದೆ. ಹಸಿ ಎರೆ ಮಣ್ಣಿನಲ್ಲಿ ಫೋರ್ ಬೈ ಫೋರ್‌ಗಿಂತ ಟೈರೇ ಮುಖ್ಯ. ಹೈವೇ ಟೈರಿನ ಗೆರೆಗಳಲ್ಲಿ ಮಣ್ಣು ತುಂಬಿ ಗಾಲಿ ನುಣ್ಣಗಾಗುತ್ತದೆ, ನಾಲ್ಕೂ ತಿರುಗಿದರೂ ಗಾಡಿ ಅಲ್ಲಾಡಲ್ಲ. ಹೋದ ವರ್ಷ ಟೈರ್ ಸವೆದಾಗ ಮಣ್ಣು, ಟಾರ್ ಎರಡಕ್ಕೂ ಆಗೋ ಆಲ್ ಟೆರೇನ್ ಟೈರ್ ಹಾಕಿಸಿದೆ. ಹೈವೇಯಲ್ಲಿ ಗುಂಯ್ ಅನ್ನೋ ಸದ್ದು ಜಾಸ್ತಿಯಾಗಿದೆ, ಮೈಲೇಜ್ ಅರ್ಧ ಕಿಲೋಮೀಟರ್ ಇಳಿದಿದೆ. ಆದರೆ ಈ ಸಲ ಮಳೆಯಲ್ಲಿ ಪಕ್ಕದ ತೋಟದವರ ಟ್ರ್ಯಾಕ್ಟರ್ ಕರೆಸೋ ಪ್ರಸಂಗ ಇನ್ನೂ ಬಂದಿಲ್ಲ.